ಅಧಿಕಾರಿಗೆ ಏಕವಚನದಲ್ಲಿ ಬೈದ ಶಾಸಕ, ಸಚಿವ ರಾಜೀನಾಮೆ ಕೊಡಬೇಕಾ?

ಕಡತ_ಓದುಗ ಕೇಳಿದ್ದು:
ಕೆಡಿಪಿ (ಅಭಿವೃದ್ಧಿ ಕಾಮಗಾರಿಗಳ ಪರಿಶೀಲನಾ) ಸಭೆಯಲ್ಲಿ ಇಂಜಿನಿಯರನ್ನು ಎದ್ದು ನಿಲ್ಲಿಸಿ "ಏನಯ್ಯಾ, ಕತ್ತೆ ಕಾಯ್ತಿದ್ಯಾ" ಅನ್ನುವ ವಿಡಿಯೊ, ಪಿಡಿಒಗೆ ಫೋನಿನಲ್ಲಿ ಬೈದ ಆಡಿಯೊ ಆಗಾಗ ಬರುತ್ತಲೇ ಇರುತ್ತವೆ. ಮಾರನೇ ದಿನ ಎದುರು ಪಕ್ಷದವರು ರಾಜೀನಾಮೆ ಕೇಳುತ್ತಾರೆ. ಮೂರನೇ ದಿನ "ನೋವಾಗಿದ್ದರೆ ವಿಷಾದಿಸುತ್ತೇನೆ" ಅಂತ ಒಂದು ಸಾಲು ಬರುತ್ತದೆ, ಅಲ್ಲಿಗೆ ಮುಗಿಯಿತು. ನನ್ನ ಪ್ರಶ್ನೆ ಎರಡು. ಇಂಥದ್ದಕ್ಕೆ ರಾಜೀನಾಮೆ ಕೇಳಲು ಕಾನೂನಿನ ಆಧಾರ ಏನಾದರೂ ಇದೆಯಾ? ಬೈಸಿಕೊಂಡ ನೌಕರರು ವಿಷಯ ವೈರಲ್ ಆಗಿ ಸಾಯದಂತೆ ಏನು ಮಾಡಬೇಕು? ಬ್ರಿಟನ್ನಿನಲ್ಲಿ ಸಚಿವರು ಇದೇ ಕಾರಣಕ್ಕೆ ಮನೆಗೆ ಹೋಗಿದ್ದಾರೆ ಅಂತ ಓದಿದ್ದೇನೆ. ಗೊತ್ತಿದ್ದವರು ಹೇಳಿ.

ವಿಧಿ164:
ಮೊದಲು ಯಾವ ಕುರ್ಚಿಗೆ ರಾಜೀನಾಮೆ ಅನ್ನೋದು ಸ್ಪಷ್ಟವಾಗಬೇಕು. ಟಿವಿ ಚರ್ಚೆಯಲ್ಲಿ ಸಚಿವ ಸ್ಥಾನ, ಶಾಸಕ ಸ್ಥಾನ ಎರಡನ್ನೂ ಕಲಸಿಬಿಡುತ್ತಾರೆ.

ಸಚಿವ ಸ್ಥಾನ ಇರುವುದು ಮುಖ್ಯಮಂತ್ರಿಯ ಕೈಯಲ್ಲಿ. ವಿಧಿ 164ರ ಪ್ರಕಾರ ಸಚಿವರು ರಾಜ್ಯಪಾಲರ ಇಚ್ಛೆ ಇರುವವರೆಗೆ ಮುಂದುವರಿಯುತ್ತಾರೆ. ಆ ಇಚ್ಛೆ ನಡೆಯುವುದು ಸಿಎಂ ಸಲಹೆಯಂತೆ. ಕಾರಣ ಕೊಡಬೇಕಾಗಿಲ್ಲ, ವಿಚಾರಣೆ ಬೇಕಾಗಿಲ್ಲ. ಶಾಸಕ ಸ್ಥಾನ ಹಾಗಲ್ಲ, ಅದು ಮತದಾರ ಕೊಟ್ಟಿದ್ದು. ವಿಧಿ 190ರಂತೆ ರಾಜೀನಾಮೆ ಪತ್ರ ಸ್ಪೀಕರ್‌ಗೆ ಹೋಗಬೇಕು, ಅದು ಸ್ವಯಂಪ್ರೇರಿತ ಅಂತ ಅವರಿಗೆ ಮನವರಿಕೆ ಆಗಬೇಕು. 2019ರಲ್ಲಿ ನಮ್ಮ ಶಾಸಕರ ರಾಜೀನಾಮೆಗಳು ಇದೇ ಮಾತಿನ ಮೇಲೆ ಸುಪ್ರೀಂ ಕೋರ್ಟಿನವರೆಗೆ ಹೋದವು. ಬಲವಂತಕ್ಕೆ ಬರೆದುಕೊಟ್ಟ ಪತ್ರ ಅಲ್ಲಿ ನಿಲ್ಲುವುದಿಲ್ಲ.

ಉಳಿದದ್ದು ಅನರ್ಹತೆ. ಪ್ರಜಾಪ್ರತಿನಿಧಿ ಕಾಯ್ದೆಯ 8(3)ರಲ್ಲಿ ಕನಿಷ್ಠ 2 ವರ್ಷ ಶಿಕ್ಷೆಯಾದರೆ ಸ್ಥಾನ ಹೋಗುತ್ತದೆ. ಸರ್ಕಾರಿ ನೌಕರನ ಮೇಲೆ ಕೈ ಮಾಡಿ ಕೆಲಸಕ್ಕೆ ಅಡ್ಡಿಪಡಿಸಿದರೆ ಬಿಎನ್‌ಎಸ್ 132ರಲ್ಲಿ (ಬಿಎನ್‌ಎಸ್ ಅಂದರೆ ಭಾರತೀಯ ನ್ಯಾಯ ಸಂಹಿತೆ; ಹಳೆಯ ಐಪಿಸಿ 353) ಗರಿಷ್ಠ ಶಿಕ್ಷೆಯೇ 2 ವರ್ಷ. ಅಂದರೆ ನ್ಯಾಯಾಧೀಶರು ಪೂರ್ತಿ ಗರಿಷ್ಠ ಶಿಕ್ಷೆ ಕೊಟ್ಟರೆ ಮಾತ್ರ ಕುರ್ಚಿ ಅಲ್ಲಾಡುತ್ತದೆ. ಒಂದು ದಿನ ಕಡಿಮೆಯಾದರೂ ಇಲ್ಲ.

ಸಚಿವರಿಗೆ ನೀತಿ ಸಂಹಿತೆ ಅಂತ ಒಂದಿದೆ, ಕೇಂದ್ರ ಗೃಹ ಸಚಿವಾಲಯದ್ದು. ಬಹುಪಾಲು ಆಸ್ತಿ ವಿವರ, ವ್ಯಾಪಾರ, ಉಡುಗೊರೆ ಬಗ್ಗೆ. ಅಧಿಕಾರಿಗಳ ರಾಜಕೀಯ ತಟಸ್ಥತೆ ಕಾಪಾಡಬೇಕು ಅನ್ನುತ್ತದೆ, ಬೈಗುಳದ ಬಗ್ಗೆ ಚಕಾರ ಇಲ್ಲ. ಪಾಲನೆ ನೋಡಿಕೊಳ್ಳಬೇಕಾದವರು ರಾಜ್ಯ ಸಚಿವರಿಗೆ ಸಿಎಂ, ಸಿಎಂಗೆ ಪ್ರಧಾನಿ ಮತ್ತು ಕೇಂದ್ರ ಗೃಹ ಸಚಿವ. 2025ರ ಏಪ್ರಿಲ್ 28ರಂದು ಬೆಳಗಾವಿ ವೇದಿಕೆಯಲ್ಲಿ ಸ್ವತಃ ಮುಖ್ಯಮಂತ್ರಿ ಎಎಸ್‌ಪಿಯೊಬ್ಬರತ್ತ ಕೈ ಎತ್ತಿದ್ದನ್ನು ಈ ಸಂಹಿತೆಗೆ ಹಚ್ಚಿ ನೋಡಿ, ಎಷ್ಟು ಟೊಳ್ಳು ಅಂತ ಗೊತ್ತಾಗುತ್ತದೆ.

ಎಫ್‌ಐಆರ್_ಗುಮಾಸ್ತ:
ಎರಡನೇ ಪ್ರಶ್ನೆಗೆ ಬರ್ತೀನಿ. ಹೆಚ್ಚಿನ ದೂರುಗಳು ಬಿದ್ದುಹೋಗುವುದು ಕೋರ್ಟಿನಲ್ಲಲ್ಲ, ಬರೆಯುವ ದಿನವೇ.

ಬರೀ ಮಾತಿಗೆ 132 ಹಾಕಿಸಬೇಡಿ, ನಿಲ್ಲಲ್ಲ. ಬೆಂಗಳೂರು ಸಂಚಾರ ಪೊಲೀಸರ ಫೇಸ್‌ಬುಕ್ ಪುಟದಲ್ಲಿ ಇನ್‌ಸ್ಪೆಕ್ಟರ್ ವಿರುದ್ಧ ಬರೆದವರ ಮೇಲಿನ 353, 506 ಕೇಸನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು, ಬಲಪ್ರಯೋಗ ಎಲ್ಲಿದೆ ಅಂತ ಕೇಳಿ. ಆದರೆ ಬಿಎನ್‌ಎಸ್ 130ರಲ್ಲಿ ಹಲ್ಲೆ ಅಂದರೆ ಏಟು ಬೀಳಲೇಬೇಕು ಅಂತಿಲ್ಲ; ಏಟು ಬೀಳುತ್ತೆ ಅಂತ ಭಯ ಹುಟ್ಟಿಸುವ ಸನ್ನೆ ಸಾಕು, ಜೊತೆಗಿನ ಮಾತು ಆ ಸನ್ನೆಗೆ ಅರ್ಥ ಕೊಡಬಹುದು. ಹಾಗಾಗಿ ದೂರಿನಲ್ಲಿ "ಅವಾಚ್ಯ ಶಬ್ದಗಳಿಂದ ನಿಂದಿಸಿ ಕರ್ತವ್ಯಕ್ಕೆ ಅಡ್ಡಿಪಡಿಸಿರುತ್ತಾರೆ" ಅನ್ನೋ ಠಾಣೆಯ ರೆಡಿಮೇಡ್ ಸಾಲು ಬೇಡ. ಯಾವ ಕೈ ಎತ್ತಿದರು, ಎಷ್ಟು ಅಡಿ ದೂರ, ಮಧ್ಯೆ ಟೇಬಲ್ ಇತ್ತಾ, ಹಿಡಿದುಕೊಂಡವರು ಯಾರು, ಆಗ ನೀವು ಯಾವ ಕಡತದ ಯಾವ ಕೆಲಸ ಮಾಡ್ತಿದ್ರಿ, ಅದು ನಿಂತಿದ್ದು ಹೇಗೆ. ಬೈದ ಪದಗಳನ್ನು ಚುಕ್ಕಿ ಹಾಕದೆ ಇದ್ದಂತೆ ಬರೆಯಿರಿ. ಮುಜುಗರ ಆಗುತ್ತೆ, ಆದರೂ ಬರೆಯಿರಿ.

ಮಾತು ಮಾತ್ರ ಇದ್ದರೆ 352 (ಕೆಣಕುವಂತೆ ಅವಮಾನ), 351 (ಬೆದರಿಕೆ), 224 (ನೌಕರನಿಗೆ ಹಾನಿ ಮಾಡುವ ಬೆದರಿಕೆ). 352, 224 ಅಸಂಜ್ಞೇಯ, ಅಂದರೆ ಎನ್‌ಸಿಆರ್ ಬರೆದುಕೊಂಡು ಮ್ಯಾಜಿಸ್ಟ್ರೇಟ್ ಅನುಮತಿ ಪಡೆಯದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಇನ್ನು 221, ಕರ್ತವ್ಯಕ್ಕೆ ಅಡ್ಡಿ. ಇಲ್ಲೊಂದು ಗುಂಡಿ ಇದೆ: ಬಿಎನ್‌ಎಸ್‌ಎಸ್ 215ರ (ಅಪರಾಧ ಪ್ರಕ್ರಿಯೆಯ ಹೊಸ ಸಂಹಿತೆ) ಪ್ರಕಾರ ಆ ನೌಕರ ಅಥವಾ ಅವರ ಮೇಲಧಿಕಾರಿ ನೇರವಾಗಿ ಕೋರ್ಟಿಗೆ ಲಿಖಿತ ದೂರು ಕೊಡಬೇಕು. ಬರೀ ಪೊಲೀಸ್ ಚಾರ್ಜ್‌ಶೀಟ್ ನಂಬಿ ಕೂತರೆ ಹೈಕೋರ್ಟಿನಲ್ಲಿ ಮೊದಲು ಹಾರಿಹೋಗುವುದು ಇದೇ.

ಆಡಿಯೊ ಇದ್ದರೆ ರೆಕಾರ್ಡ್ ಆದ ಫೋನನ್ನೇ ಜೋಪಾನ ಮಾಡಿ, ಫಾರ್ಮ್ಯಾಟ್ ಮಾಡಬೇಡಿ, ಎಕ್ಸ್‌ಚೇಂಜ್‌ಗೆ ಕೊಡಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿದ ಕ್ಲಿಪ್‌ಗೆ ಸಾಕ್ಷ್ಯ ಅಧಿನಿಯಮದ 63ರ ಪ್ರಮಾಣಪತ್ರ ಕೊಡೋರು ಯಾರು? ಅದರಲ್ಲಿ ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಗುರುತು) ನಮೂದಿಸಬೇಕು, ಎರಡು ಭಾಗ, ಒಂದಕ್ಕೆ ತಜ್ಞರ ಸಹಿ. ಕ್ಲಿಪ್ ಅನ್ನು ನೀವೇ ಚಾನೆಲ್‌ಗೆ ಕೊಟ್ಟರೆ ನಡತೆ ನಿಯಮದಡಿ ನೋಟಿಸ್ ನಿಮಗೇ ಬರುತ್ತೆ, ಎಚ್ಚರ.

ಇಷ್ಟೆಲ್ಲ ಆದಮೇಲೂ ಸಾಕ್ಷಿ ಗಟ್ಟಿ ನಿಲ್ಲಬೇಕು. ಇಂದೋರ್‌ನಲ್ಲಿ 2019ರ ಜೂನ್‌ನಲ್ಲಿ ಶಾಸಕ ಆಕಾಶ್ ವಿಜಯವರ್ಗೀಯ ಪಾಲಿಕೆ ಅಧಿಕಾರಿ ಮೇಲೆ ಕ್ರಿಕೆಟ್ ಬ್ಯಾಟ್ ಬೀಸಿದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ಪ್ರಧಾನಿಯೂ ಸಿಟ್ಟಾದರು. ಕೋರ್ಟಿನಲ್ಲಿ ಆ ಅಧಿಕಾರಿಯೇ ಹೊಡೆದವರನ್ನು ನೋಡಲಿಲ್ಲ ಅಂದರು. 2024ರಲ್ಲಿ ಖುಲಾಸೆ.

ಲೀಡ್ಸ್_ಕನ್ನಡಿಗ:
ಬ್ರಿಟನ್ ಬಗ್ಗೆ ಕೇಳಿದ್ದಕ್ಕೆ. ಇಲ್ಲಿಯೂ ಸಭ್ಯತೆ ಉಕ್ಕಿ ಹರಿದು ಯಾರೂ ರಾಜೀನಾಮೆ ಕೊಟ್ಟಿಲ್ಲ. ಸಚಿವರ ಸಂಹಿತೆಯಲ್ಲಿ ಸಿಬ್ಬಂದಿಯನ್ನು ಹೆದರಿಸಿ ಹಿಂಸಿಸುವುದು ಸಲ್ಲದು ಅಂತ ಬರೆದಿದೆ, ಅದರ ಮೇಲೆ ತನಿಖೆ ನಡೆಯುತ್ತದೆ.

ಗೃಹ ಸಚಿವೆಯಾಗಿದ್ದ ಪ್ರೀತಿ ಪಟೇಲ್ ಪ್ರಕರಣದಲ್ಲಿ ಸಂಹಿತೆಯ ಬಗ್ಗೆ ಪ್ರಧಾನಿಗೆ ಸಲಹೆ ಕೊಡುವ ಸಲಹೆಗಾರ ಅಲೆಕ್ಸ್ ಆಲನ್, ಉದ್ದೇಶವಿಲ್ಲದಿದ್ದರೂ ಸಂಹಿತೆ ಮುರಿದಿದೆ ಅಂತ ವರದಿ ಕೊಟ್ಟರು. ಪ್ರಧಾನಿ ಬೋರಿಸ್ ಜಾನ್ಸನ್ ಮುರಿದಿಲ್ಲ ಅಂದರು. ರಾಜೀನಾಮೆ ಕೊಟ್ಟದ್ದು ಆಲನ್! ಅದು 2020ರ ನವೆಂಬರ್. ಪಟೇಲ್ ಇಲಾಖೆಯ ಕಾರ್ಯದರ್ಶಿ ಅದಕ್ಕೂ ಮೊದಲೇ ಕೆಲಸ ಬಿಟ್ಟಿದ್ದರು. ಆ ಕಾರ್ಯದರ್ಶಿಗೆ ಸರ್ಕಾರ 3,40,000 ಪೌಂಡ್ ಕೊಟ್ಟು ರಾಜಿ ಮಾಡಿಕೊಂಡಿತು. ತೆರಿಗೆದಾರನ ದುಡ್ಡು.

ಉಪಪ್ರಧಾನಿಯಾಗಿದ್ದ ಡೊಮಿನಿಕ್ ರಾಬ್ ಹೋಗಿದ್ದು 2023ರ ಏಪ್ರಿಲ್ 21ರಂದು. ಹೊರಗಿನ ಬ್ಯಾರಿಸ್ಟರ್ ಆಡಮ್ ಟಾಲಿ ತಿಂಗಳುಗಟ್ಟಲೆ 8 ಔಪಚಾರಿಕ ದೂರುಗಳನ್ನು ನೋಡಿ, ಎಲ್ಲವನ್ನೂ ಒಪ್ಪದೆ, ಕೆಲವು ನಡವಳಿಕೆಗಳನ್ನು ಮಾತ್ರ ಎತ್ತಿಹಿಡಿದರು. ಒಂದಾದರೂ ಸಾಬೀತಾದರೆ ಹೋಗುತ್ತೇನೆ ಅಂತ ರಾಬ್ ಮೊದಲೇ ಹೇಳಿಕೊಂಡಿದ್ದರು, ಸಿಕ್ಕಿಬಿದ್ದರು. ಹೋಗುವಾಗಲೂ ಅಳತೆಗೋಲನ್ನು ಬಹಳ ಕೆಳಗಿಳಿಸಿದ್ದಾರೆ ಅಂತ ಗೊಣಗಿಯೇ ಹೋದರು. ಆ ಗೊಣಗಾಟದಲ್ಲಿ ಸ್ವಲ್ಪ ಸತ್ಯವೂ ಇದೆ ಅಂತ ನನಗನ್ನಿಸುತ್ತದೆ; ಬಿಗಿಯಾಗಿ ಕೆಲಸ ಕೇಳುವುದು ಎಲ್ಲಿ ಮುಗಿದು ಹಿಂಸೆ ಎಲ್ಲಿ ಶುರು ಅನ್ನೋದು ಸುಲಭವಲ್ಲ.

2022ರಿಂದ ನಡುವಿನ ಶಿಕ್ಷೆಗಳೂ ಬಂದಿವೆ: ಬಹಿರಂಗ ಕ್ಷಮೆ, ಕೆಲ ಕಾಲ ಸಚಿವರ ಸಂಬಳ ಕಡಿತ. 2024ರ ನವೆಂಬರ್‌ನಿಂದ ಪ್ರಧಾನಿ ಒಪ್ಪಿಗೆಗೆ ಕಾಯದೆ ಸಲಹೆಗಾರರೇ ತನಿಖೆ ಶುರು ಮಾಡಬಹುದು. ನೀವು ಕೇಳಬೇಕಾದದ್ದು ಇದನ್ನು, ರಾಜೀನಾಮೆಯನ್ನಲ್ಲ.

ಹಕ್ಕುಚ್ಯುತಿ:
ಎಲ್ಲರೂ ನೌಕರರ ಕಡೆಯೇ ಮಾತಾಡ್ತಿದ್ದೀರಿ. ಕುಡಿಯುವ ನೀರಿನ ಟೆಂಡರ್ ವರ್ಷದಿಂದ ಕೊಳೆಯುತ್ತಿರುತ್ತೆ, ಸಭೆಗೆ ಬಂದ ಎಇಇ (ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್) "ಪರಿಶೀಲಿಸಿ ಕ್ರಮ ವಹಿಸಲಾಗುವುದು" ಅಂತಾರೆ. ಕೆಳಗೆ ಜನ ಶಾಸಕನ ಕೊರಳಪಟ್ಟಿ ಹಿಡಿಯುತ್ತಾರೆ. ಸಿಟ್ಟು ಬರಲ್ವಾ?

ಆದರೂ ಬೈಯುವವರು ದಡ್ಡರು ಅಂತಲೇ ನನ್ನ ಅಭಿಪ್ರಾಯ. ಕೆಡಿಪಿ ನಡಾವಳಿಯಲ್ಲಿ ಅಧಿಕಾರಿ ಹೆಸರು, ಕಾಮಗಾರಿ, ಮುಗಿಸುವ ದಿನಾಂಕ ಬರೆಸಿ ಅನುಪಾಲನಾ ವರದಿ ಕೇಳಬಹುದು. ತಪ್ಪಿದರೆ ಜಿಪಂ ಸಿಇಒಗೆ ಪತ್ರ. ಸದನದಲ್ಲಿ ಚುಕ್ಕೆ ಗುರುತಿನ (ಸಚಿವರು ಮೌಖಿಕವಾಗಿ ಉತ್ತರಿಸಬೇಕಾದ) ಪ್ರಶ್ನೆ. ಅಧಿಕಾರಿ ಶಿಷ್ಟಾಚಾರ ಮುರಿದರೆ ಸದನದ ಹಕ್ಕುಬಾಧ್ಯತಾ ಸಮಿತಿ ಇದೆ, ಅದರ ನೋಟಿಸ್ ಅಂದರೆ ಡಿಸಿಗಳೂ ಬೆವರುತ್ತಾರೆ. ಬೈದ ವಿಡಿಯೊ ಬಂದ ಕ್ಷಣ ಕೆಲಸ ಮಾಡದ ಅಧಿಕಾರಿಯೇ ಸಂತ್ರಸ್ತ ಆಗಿಬಿಡ್ತಾನೆ, ಟೆಂಡರ್ ಮರೆತೇ ಹೋಗುತ್ತೆ.

ಕಡತ_ಓದುಗ:
ಎಲ್ಲರಿಗೂ ಧನ್ಯವಾದ. ಒಂದು ಉಳಿಯಿತು. ದೂರು ಕೊಟ್ಟ ತಕ್ಷಣ ಎತ್ತಂಗಡಿ ಮಾಡಿದರೆ? ಭಯ ಇರುವುದು ಅದಕ್ಕೇ. ಮತ್ತೆ, ಸರ್ಕಾರವೇ ಕೇಸ್ ವಾಪಸ್ ತೆಗೆದುಕೊಂಡರೆ?

ಎಫ್‌ಐಆರ್_ಗುಮಾಸ್ತ:
ವರ್ಗಾವಣೆ ಆದೇಶ ಕೈಗೆ ಬಂದ ದಿನವೇ ಕೆಎಟಿ (ಕರ್ನಾಟಕ ಆಡಳಿತ ನ್ಯಾಯಮಂಡಳಿ) ವಕೀಲರನ್ನು ನೋಡಿ, ರಿಲೀವ್ ಆದಮೇಲೆ ತಡೆಯಾಜ್ಞೆ ಸಿಗುವುದು ಕಷ್ಟ. ಮೂರು ಕಾಗದ ಬೇಕು: ಆದೇಶ, ಈ ಹುದ್ದೆಗೆ ನೀವು ಬಂದ ದಿನಾಂಕದ ದಾಖಲೆ, ಸ್ವೀಕೃತಿ ಮೊಹರು ಬಿದ್ದ ನಿಮ್ಮ ದೂರಿನ ಪ್ರತಿ. ದೂರಿನ ದಿನಾಂಕ ಆದೇಶಕ್ಕಿಂತ ಮೊದಲಿರಬೇಕು. ಅದಕ್ಕೇ ಅದೇ ದಿನ ಬರೆದು ಇಲಾಖೆಯ ಮೇಲಧಿಕಾರಿಗೂ ಒಂದು ಪ್ರತಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಶಾಸಕರ ಶಿಫಾರಸು ಪತ್ರ ಕಡತದಲ್ಲಿದ್ದರೆ ಆರ್‌ಟಿಐನಲ್ಲಿ ಟಿಪ್ಪಣಿ ಪುಟಗಳ ಸಮೇತ ಕೇಳಿ.

ಕೇಸ್ ವಾಪಸಾತಿ ಈಗ ಅಷ್ಟು ಸಲೀಸಲ್ಲ. 2021ರ ಆಗಸ್ಟ್‌ನ ಸುಪ್ರೀಂ ಕೋರ್ಟ್ ಆದೇಶದಂತೆ ಸಂಸದ, ಶಾಸಕರ ಮೇಲಿನ ಪ್ರಕರಣ ಹಿಂಪಡೆಯಲು ಹೈಕೋರ್ಟ್ ಅನುಮತಿ ಬೇಕೇ ಬೇಕು. ದೂರುದಾರರಾಗಿ ನೀವು ಅಲ್ಲಿ ಹೋಗಿ ಆಕ್ಷೇಪ ಸಲ್ಲಿಸಬಹುದು.