ಅಪ್‌ಡೇಟ್: ಫ್ಲ್ಯಾಶ್ ಹಾಕಿದರೆ ಮುಖ ಚಪ್ಪಟೆ ಬರುತ್ತದೆ ಅಂದಿದ್ದೆನಲ್ಲ

ಫ್ಲ್ಯಾಶ್ ಹಾಕಿದರೆ ಮುಖ ಬೆಳ್ಳಗೆ ಚಪ್ಪಟೆಯಾಗಿ ಬರುತ್ತದೆ, ಗೋಡೆ ಮೇಲೆ ಕಪ್ಪು ನೆರಳು ಬೀಳುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಿ, ಬೆಳಕನ್ನು ಮೆತ್ತಗೆ ಮಾಡಿ ಅಂದಿರಿ.

ಮೊದಲ ದಿನ ಸೋತೆ. ಚಾವಣಿಗೆ ಬೌನ್ಸ್ ಮಾಡಿದೆ, ಅಂದರೆ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಬೆಳಕು ಅಲ್ಲಿ ಬಡಿದು ವಾಪಸ್ ಬರುವ ಹಾಗೆ. ಬೆಳಕು ಮೆತ್ತಗಾಯಿತು, ಆದರೆ ತಂಗಿಯ ಕಣ್ಣಿನ ಗುಳಿಯಲ್ಲಿ ಕತ್ತಲು. ಪಕ್ಕದ ಗೋಡೆಗೆ ತಿರುಗಿಸಿದರೆ ಕೆನ್ನೆ ಹಸಿರು! ಗೋಡೆಯ ಬಣ್ಣ ಹಸಿರು ಅನ್ನೋದೇ ಮರೆತಿದ್ದೆ.

ಕೊನೆಗೆ ಫ್ಲ್ಯಾಶಿಗೆ ಬಿಳಿ ಕೊಡೆ ಸಿಕ್ಕಿಸಿ, 45 ಡಿಗ್ರಿ ಪಕ್ಕಕ್ಕೆ, ಕಣ್ಣಿಗಿಂತ ಸ್ವಲ್ಪ ಮೇಲೆ ನಿಲ್ಲಿಸಿದೆ. ಮುಖದಿಂದ ಅದರ ದೂರವನ್ನು 2 ಮೀಟರಿನಿಂದ 1 ಮೀಟರಿಗೆ ತಂದಾಗಲೇ ಮಜಾ ಬಂದಿದ್ದು. ಬೆಳಕು ನಾಲ್ಕು ಪಟ್ಟು ಜಾಸ್ತಿ! ಪವರ್ 1/4ರಿಂದ 1/16ಕ್ಕೆ ಇಳಿಸಿದೆ. ಮೂಗಿನ ನೆರಳಿನ ಅಂಚು ಕರಗಿತು, ಹಿಂದಿನ ಗೋಡೆ ಮೇಲಿನ ಬೆಳಕು ತಾನಾಗಿ ಕಡಿಮೆಯಾಯಿತು. ಕಣ್ಣಲ್ಲಿ ಪುಟ್ಟ ಬಿಳಿ ಕೊಡೆ ಕಾಣುತ್ತದೆ. ಸುಮ್ನೆ ಝೂಮ್ ಮಾಡಿ ಮಾಡಿ ನೋಡಿದೆ.

ಷಟರ್ 1/200 ಸೆಕೆಂಡಿನಿಂದ 1/60ಕ್ಕೆ ಇಳಿಸಿದರೆ, ಅಂದರೆ ಕ್ಯಾಮೆರಾ ಬೆಳಕಿಗೆ ಹೆಚ್ಚು ಹೊತ್ತು ತೆರೆದಿದ್ದರೆ, ಮುಖ ಹೆಚ್ಚುಕಡಿಮೆ ಹಾಗೇ ಇದ್ದು, ಕೋಣೆ ಮಾತ್ರ ಬೆಳಕಾಗುತ್ತದೆ ಅಂದಿದ್ದರು ಒಬ್ಬರು. ನಂಬಿರಲಿಲ್ಲ. ನಿಜವೇ.

ಕನ್ನಡಕದ ಹೊಳಪು ಮಾತ್ರ ಇನ್ನೂ ಹೋಗಿಲ್ಲ. ಕೊಡೆ ಇನ್ನಷ್ಟು ಎತ್ತಿ, ಗಲ್ಲ ಸ್ವಲ್ಪ ಇಳಿಸಲು ಹೇಳಿ ನಾಳೆ ನೋಡುತ್ತೇನೆ. ತಂಗಿ ಮತ್ತೆ ಕೂರಲು ಒಪ್ಪಿದರೆ.