5600 ಹಾಕಿದ ಮೇಲೆ ಡಿಸ್‌ಪ್ಲೇ ಇಲ್ಲ. ಕಡಿಮೆ ಬೆಲೆಗೆ ಯಾವ ಮದರ್‌ಬೋರ್ಡ್ ತಗೊಳ್ಳಲಿ?

ಉಣಕಲ್_ಪಿಸಿ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ದಯವಿಟ್ಟು ಸಹಾಯ ಮಾಡಿ. ನಾನೇ ಜೋಡಿಸಿದ ಪಿಸಿ. ಮೊನ್ನೆ ರೈಜನ್ 5 5600 ಪ್ರೊಸೆಸರ್ ತಂದು ಹಾಕಿದೆ. ಫ್ಯಾನ್ ತಿರುಗುತ್ತದೆ, ಬೋರ್ಡ್ ಮೇಲೆ ಕೆಂಪು ದೀಪ ಉರಿಯುತ್ತದೆ, ಡಿಸ್‌ಪ್ಲೇ ಮಾತ್ರ ಬರಲ್ಲ. ಕೊಪ್ಪಿಕರ್ ರಸ್ತೆಯ ಒಂದು ಅಂಗಡಿಯಲ್ಲಿ ಕೇಳಿದರೆ, ಬಿಚ್ಚಿಯೂ ನೋಡದೆ "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದರು. ಬಜೆಟ್ ಎಂಟು ಸಾವಿರ. ಮುಂದೆ ಅಪ್‌ಗ್ರೇಡ್ ಮಾಡೋದಕ್ಕೂ ದಾರಿ ಇರಬೇಕು. ಯಾವುದು ತಗೊಳ್ಳಲಿ? ಬೇಗ ಹೇಳಿ, ಪ್ರಾಜೆಕ್ಟ್ ಕೆಲಸ ನಿಂತಿದೆ.

ಸಪ್ತಾಪುರ_90
ಕೆಂಪು ದೀಪ ಅಂದರೆ ರ್‍ಯಾಮ್. ಎರಡೂ ಕಡ್ಡಿ ತೆಗೆದು ಕಾಲುಗಳನ್ನು ರಬ್ಬರ್‌ನಿಂದ ಒರೆಸಿ. ಆಮೇಲೆ ಒಂದನ್ನೇ ಸಿಪಿಯು ಕಡೆಯಿಂದ ಎರಡನೇ ಸ್ಲಾಟ್‌ಗೆ ಹಾಕಿ. ಟಕ್ ಅನ್ನೋ ತನಕ ಒತ್ತಿ.

ಉಣಕಲ್_ಪಿಸಿ
ಮಾಡಿ ನೋಡಿದೆ, ಅದೇ ಕಥೆ. ಹಳೇ ಪ್ರೊಸೆಸರ್ ಜೊತೆ ಇದೇ ರ್‍ಯಾಮ್ ಚೆನ್ನಾಗಿ ಓಡುತ್ತಿತ್ತು.

ಸಪ್ತಾಪುರ_90
ಹಾಗಾದರೆ ಇನ್ನೊಂದು ಕಡ್ಡಿ ಹಾಕಿ. ಅದೂ ಆಗದಿದ್ದರೆ ನಾಲ್ಕನೇ ಸ್ಲಾಟ್. ಗೆಳೆಯರ ಹತ್ತಿರ ಬೇರೆ ರ್‍ಯಾಮ್ ಇದ್ದರೆ ತಂದು ನೋಡಿ. ನಾನು ನೋಡಿದ ಬಹುಪಾಲು ಕೇಸುಗಳಲ್ಲಿ ರ್‍ಯಾಮೇ ಕಾರಣ.

ಗೋಕುಲ್_ರೋಡ್_ವೈರಿಂಗ್
ಮೊದಲು ಮನೆಯ ಅರ್ಥಿಂಗ್ ನೋಡಿಸಿ ರೀ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದಾ? ಅರ್ಥಿಂಗ್ ಇಲ್ಲದ ಮನೆಯಲ್ಲಿ ಯಾವ ಬೋರ್ಡ್ ಹಾಕಿದರೂ ಬಾಳಿಕೆ ಬರಲ್ಲ.

ಸಪ್ತಾಪುರ_90
ಅರ್ಥಿಂಗ್‌ಗೂ ಡಿಸ್‌ಪ್ಲೇಗೂ ಏನು ಸಂಬಂಧ? ಹಳೇ ಪ್ರೊಸೆಸರ್ ಅದೇ ಪ್ಲಗ್‌ನಲ್ಲೇ ಓಡುತ್ತಿತ್ತಲ್ವಾ?

ಗೋಕುಲ್_ರೋಡ್_ವೈರಿಂಗ್
ಇವತ್ತು ಓಡಿತು ಅಂದರೆ ನಾಳೆಯೂ ಓಡುತ್ತದೆ ಅಂತಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಎಷ್ಟು ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬಿ) ಸುಟ್ಟಿವೆ ಅಂತ ನನಗೆ ಗೊತ್ತು. ರ್‍ಯಾಮ್ ತಿಕ್ಕಿದರೆ ಅದೆಲ್ಲ ಸರಿ ಹೋಗಲ್ಲ.

ಬ್ಯಾಡಗಿ_ಎಡಿಟರ್
ಸುಮ್ನೆ ಬಿ550 ಬೋರ್ಡ್ ತಗೊಳ್ಳಿ. ನನ್ನದು ಬಿ550, 5900ಎಕ್ಸ್ ಪ್ರೊಸೆಸರ್, 64 ಜಿಬಿ ರ್‍ಯಾಮ್, ಎರಡು ಎನ್‌ವಿಎಂಇ ಡ್ರೈವ್. ಮದುವೆ ಸೀಸನ್‌ನಲ್ಲಿ ರಾತ್ರಿಯಿಡೀ 4ಕೆ ವಿಡಿಯೋ ರೆಂಡರ್ ಮಾಡುತ್ತದೆ, ಒಂದು ಸಲವೂ ನಿಂತಿಲ್ಲ. ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಕೊಡೋ ವಿಆರ್‌ಎಂ ಮೇಲೆ ದೊಡ್ಡ ಹೀಟ್‌ಸಿಂಕ್ ಇದೆ. ಬೇಕಾದರೆ ಫೋಟೋ ಹಾಕುತ್ತೇನೆ.

ನವನಗರ_ಬೆಂಚ್
ಉಣಕಲ್ ಅವರೇ, ಬೋರ್ಡ್ ಕೊಳ್ಳೋ ಮಾತು ಆಮೇಲೆ. ಈಗಿರೋ ಬೋರ್ಡ್ ಯಾವ ಚಿಪ್‌ಸೆಟ್ (ಬಿ550 ಥರದ ಹೆಸರು)? ಹಳೇ ಪ್ರೊಸೆಸರ್ ಯಾವುದು? ಕೆಂಪು ದೀಪದ ಪಕ್ಕ ಏನು ಬರೆದಿದೆ? ಮಾನಿಟರ್ ಕೇಬಲ್ ಎಲ್ಲಿ ಚುಚ್ಚಿದ್ದೀರಿ?

ಉಣಕಲ್_ಪಿಸಿ
ಬೋರ್ಡ್ ಬಿ450. ಹಳೇದು ರೈಜನ್ 3 2200ಜಿ. ದೀಪದ ಪಕ್ಕ ಸಿಪಿಯು ಅಂತ ಇದೆ. ಕೇಬಲ್ ಬೋರ್ಡ್‌ನ ಎಚ್‌ಡಿಎಂಐಗೆ ಹಾಕಿದ್ದೇನೆ. ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇದೆ, ಟೆಸ್ಟ್ ಸುಲಭ ಆಗಲಿ ಅಂತ ತೆಗೆದಿಟ್ಟಿದ್ದೇನೆ. ಇದೆಲ್ಲ ಬೇಕಾ?

ನವನಗರ_ಬೆಂಚ್
ಬೇಕು, ಉತ್ತರ ಪೂರ್ತಿ ಅದರಲ್ಲೇ ಇದೆ. ನಿಮ್ಮ ಬೋರ್ಡ್ ಸತ್ತಿಲ್ಲ ಅನ್ನೋದು ನನ್ನ ಗಟ್ಟಿ ಅನಿಸಿಕೆ.

2200ಜಿ ಒಳಗೇ ಗ್ರಾಫಿಕ್ಸ್ ಇದೆ. 5600ರಲ್ಲಿ ಇಲ್ಲ, ಹೆಸರಲ್ಲಿ ಜಿ ಇರೋ 5600ಜಿಯಂಥವುಗಳಲ್ಲಿ ಇದೆ. ಹಾಗಾಗಿ ಬೋರ್ಡ್‌ನ ಎಚ್‌ಡಿಎಂಐಯಿಂದ ಏನೂ ಬರಲ್ಲ. ಕಾರ್ಡ್ ಹಾಕಿ ಕೇಬಲ್ ಅದಕ್ಕೇ ಚುಚ್ಚಬೇಕು. ಇದು ಒಂದು.

ಆದರೆ ಅದೊಂದೇ ಆಗಿದ್ದರೆ ಗ್ರಾಫಿಕ್ಸ್ ತೊಂದರೆ ತೋರಿಸೋ ವಿಜಿಎ ದೀಪ ಉರಿಯಬೇಕಿತ್ತು. ಸಿಪಿಯು ದೀಪ ಉರಿಯುತ್ತಿದೆ ಅಂದರೆ ನನಗೆ ಬಯೋಸ್ (ಪಿಸಿ ಆನ್ ಆದ ಕೂಡಲೇ ಓಡೋ, ಬೋರ್ಡ್ ಒಳಗಿನ ಸಾಫ್ಟ್‌ವೇರ್) ಮೇಲೆ ಅನುಮಾನ. ಬಿ450 ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ಹಳೇ ಬಯೋಸ್‌ಗೆ ಆ ಚಿಪ್ ಗೊತ್ತೇ ಇರಲ್ಲ.

2200ಜಿ ವಾಪಸ್ ಹಾಕಿ. ಡಿಸ್‌ಪ್ಲೇ ಬಂದರೆ ಬೋರ್ಡ್ ಸರಿ ಇದೆ. ಬಯೋಸ್ ಒಳಗೆ ಹೋಗಿ ಆವೃತ್ತಿಯ ದಿನಾಂಕ ನೋಡಿ. ಬೋರ್ಡ್ ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಮಾಡೆಲ್‌ನ ಸಿಪಿಯು ಪಟ್ಟಿ ಇರುತ್ತದೆ. 5600ಕ್ಕೆ ಯಾವ ಆವೃತ್ತಿ ಬೇಕು ಅಂತ ಅಲ್ಲೇ ಬರೆದಿರುತ್ತಾರೆ. ಕೆಲವು ಬೋರ್ಡ್‌ಗೆ ನಡುವಿನ ಒಂದು ಆವೃತ್ತಿ ಮೊದಲು ಹಾಕಬೇಕು, ಆ ಸಾಲನ್ನು ಬಿಡದೆ ಓದಿ. ಆ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ ಇರಲಿ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ನಿಜವಾಗಿಯೂ ಹೋಗಬಹುದು. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ಸಪ್ತಾಪುರ_90
ಬಯೋಸ್ ಇರಬಹುದು. ಆದರೂ ರ್‍ಯಾಮ್ ಒಮ್ಮೆ ಬದಲಿಸಿ ನೋಡೋದು ಒಳ್ಳೇದು.

ಗದಗ_ಬಿಲ್ಡ್
ಇದೇ ಸಂದರ್ಭಕ್ಕೆ ನನ್ನದೂ ಕೇಳಿಬಿಡುತ್ತೇನೆ. ಇಂಟೆಲ್ ಐ3 12100ಎಫ್ ಪ್ರೊಸೆಸರ್ ಜೊತೆ ಎಚ್610 ಬೋರ್ಡ್ ನೋಡಿದ್ದೇನೆ. ಬೆಲೆ ಕಡಿಮೆ. ಮುಂದೆ ಅಪ್‌ಗ್ರೇಡ್ ಆಗುತ್ತದಾ?

ಬ್ಯಾಡಗಿ_ಎಡಿಟರ್
ಇಂಟೆಲ್ ಯಾಕೆ? ಎರಡು ವರ್ಷಕ್ಕೊಮ್ಮೆ ಪ್ರೊಸೆಸರ್ ಕೂರೋ ಸಾಕೆಟ್ ಬದಲಿಸುತ್ತಾರೆ.

ಗದಗ_ಬಿಲ್ಡ್
ಎಚ್610ರ ಸಾಕೆಟ್ ಎಲ್‌ಜಿಎ1700ರಲ್ಲಿ ಇಂಟೆಲ್‌ನ 12, 13, 14 ಮೂರೂ ತಲೆಮಾರು ಓಡುತ್ತವೆ. ಗೊತ್ತಿಲ್ಲದೆ ಹೇಳಬೇಡಿ.

ನವನಗರ_ಬೆಂಚ್
ಮೂರು ತಲೆಮಾರು ಓಡುವುದು ನಿಜ. ಆದರೆ 2024ರಲ್ಲಿ ಇಂಟೆಲ್ ಎಲ್‌ಜಿಎ1851ಕ್ಕೆ ಹೋಯಿತು. ಆ ಹೊಸ ಪ್ರೊಸೆಸರ್‌ಗಳು ಇದರಲ್ಲಿ ಕೂರಲ್ಲ. ಎಚ್610ರಲ್ಲಿ ರ್‍ಯಾಮ್ ಸ್ಲಾಟ್ ಎರಡೇ. ವಿಆರ್‌ಎಂಗೆ ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡ್ ಮೇಲೆ ನಾಳೆ ಐ7 ಹಾಕಿದರೆ ಅದರ ಪೂರ್ತಿ ವೇಗ ಸಿಗಲ್ಲ. ಐ5ವರೆಗೆ ಸಾಕು ಅನ್ನುವವರಿಗೆ ಪರವಾಗಿಲ್ಲ. ಸ್ವಲ್ಪ ಜಾಸ್ತಿ ಕೊಡುವ ಹಾಗಿದ್ದರೆ ಬಿ760 ನೋಡಿ. ಅದರಲ್ಲೂ ಡಿಡಿಆರ್4 ರ್‍ಯಾಮ್‌ನ ಬೋರ್ಡ್ ಬೇರೆ, ಹೊಸ ಡಿಡಿಆರ್5 ರ್‍ಯಾಮ್‌ನ ಬೋರ್ಡ್ ಬೇರೆ. ಕಚ್ಚಿನ ಜಾಗವೇ ಬೇರೆ, ಒಂದರ ಕಡ್ಡಿ ಇನ್ನೊಂದರಲ್ಲಿ ಕೂರಲ್ಲ.

ಉಣಕಲ್ ಅವರಿಗೂ ಹೇಳುತ್ತೇನೆ. ಬೋರ್ಡ್ ಕೊಳ್ಳಲೇಬೇಕಾದರೆ ಎ520 ಬಿಟ್ಟು ಬಿ550 ತಗೊಳ್ಳಿ. ನಾಲ್ಕು ರ್‍ಯಾಮ್ ಸ್ಲಾಟ್, ಎರಡು ಎಂ.2 (ಎನ್‌ವಿಎಂಇ ಡ್ರೈವ್ ಕೂರೋ ಜಾಗ), ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರೋದನ್ನೇ ಹುಡುಕಿ. ಆ ಗುಂಡಿ ಇದ್ದರೆ ಪ್ರೊಸೆಸರ್ ಇಲ್ಲದೆಯೂ ಬಯೋಸ್ ಬದಲಿಸಬಹುದು. ಎಎಂಡಿಯ ಹೊಸ ಸಾಕೆಟ್ ಎಎಂ5 ಮುಂದಿನ ದಾರಿ, ಒಪ್ಪುತ್ತೇನೆ. ಆದರೆ ಅದಕ್ಕೆ ಡಿಡಿಆರ್5 ಮಾತ್ರ. ಬೋರ್ಡ್, ರ್‍ಯಾಮ್, ಪ್ರೊಸೆಸರ್ ಮೂರೂ ಹೊಸದಾಗಬೇಕು. ಎಂಟು ಸಾವಿರಕ್ಕೆ ಆಗೋ ಮಾತಲ್ಲ.

ಗೋಕುಲ್_ರೋಡ್_ವೈರಿಂಗ್
ಯುಪಿಎಸ್ ಹಾಕುವಾಗಲೂ ಅರ್ಥಿಂಗ್ ಇರಲೇಬೇಕು. ಅದನ್ನು ಯಾರೂ ಹೇಳುತ್ತಿಲ್ಲ.

ಉಣಕಲ್_ಪಿಸಿ
2200ಜಿ ಹಾಕಿದ ತಕ್ಷಣ ಡಿಸ್‌ಪ್ಲೇ ಬಂತು! ಬಯೋಸ್ 2018ರದ್ದು. ಕೇಶ್ವಾಪುರದ ಗೆಳೆಯನ ಮನೆಯಲ್ಲಿ ಯುಪಿಎಸ್ ಇತ್ತು, ಅಲ್ಲೇ ಅಪ್‌ಡೇಟ್ ಮಾಡಿದೆ. 5600, 1650 ಎರಡೂ ಹಾಕಿದೆ, ವಿಂಡೋಸ್ ಬಂತು. ನವನಗರ ಅವರೇ, ತುಂಬಾ ಉಪಕಾರ. ಎಂಟು ಸಾವಿರ ಉಳಿಯಿತು. ಒಂದೇ ಸಮಸ್ಯೆ: ನನ್ನ ರ್‍ಯಾಮ್ 3000 ವೇಗದ್ದು, ಈಗ 2133 ಅಂತ ತೋರಿಸುತ್ತಿದೆ.

ಸಪ್ತಾಪುರ_90
ಅಪ್‌ಡೇಟ್ ಮಾಡಿದಾಗ ಬಯೋಸ್ ಸೆಟ್ಟಿಂಗ್ ಎಲ್ಲ ಮೊದಲಿನ ಸ್ಥಿತಿಗೆ ಹೋಗುತ್ತವೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ್‍ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡೋ ಸೆಟ್ಟಿಂಗ್) ಆನ್ ಮಾಡಿ. ಕೆಲವು ಬೋರ್ಡ್‌ನಲ್ಲಿ ಅದಕ್ಕೆ ಡಿಒಸಿಪಿ ಅಂತಾರೆ. ಸೇವ್ ಮಾಡಿ ಹೊರಗೆ ಬನ್ನಿ. ಎರಡು ಕಡ್ಡಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲೇ ಇರಲಿ.

ಉಣಕಲ್_ಪಿಸಿ
ಬಂತು, 3000.

ಗದಗ_ಬಿಲ್ಡ್
ನನ್ನ ಎಚ್610 ಬಗ್ಗೆ ಇನ್ನೊಂದು ಪ್ರಶ್ನೆ. ಗ್ರಾಫಿಕ್ಸ್ ಕಾರ್ಡ್ ಆಮೇಲೆ ತಗೊಂಡರೆ ನಡೆಯುತ್ತದಾ?

ನವನಗರ_ಬೆಂಚ್
12100ಎಫ್‌ನಲ್ಲೂ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಡಿಸ್‌ಪ್ಲೇ ಬರಲ್ಲ. ಎಫ್ ಇಲ್ಲದ 12100 ತಗೊಳ್ಳಿ. ನಿಮ್ಮ ಹತ್ತಿರ ಈಗ ಯಾವ ರ್‍ಯಾಮ್ ಇದೆ, ಎಸ್‌ಎಂಪಿಎಸ್ ಎಷ್ಟು ವ್ಯಾಟ್ ಅಂತ ಬರೆದು ಬೇರೆ ಚರ್ಚೆ ಶುರು ಮಾಡಿ. ಅಲ್ಲಿ ನೋಡೋಣ.