ಡ್ರಾಪ್, ರಿಜೆಕ್ಟ್ ಎರಡಕ್ಕೂ ‘ನಿರಾಕರಿಸು’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆಯೊಳಗೆ ಬೇಕು, ಅದಕ್ಕೇ ನೇರವಾಗಿ ಕೇಳುತ್ತಿದ್ದೇನೆ.

ಲಿನಕ್ಸ್ ಸರ್ವರ್‌ಗಳ ಫೈರ್‌ವಾಲ್ (ಯಾವ ಸಂಪರ್ಕ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳ ಕಾವಲು) ನೋಡಿಕೊಳ್ಳುವ ಎಐ ಏಜೆಂಟ್‌ಗೆ ಕನ್ನಡದಲ್ಲಿ ಟೂಲ್ ವಿವರಣೆ ಬರೆಯುತ್ತಿದ್ದೇನೆ. ಯಾವ ಟೂಲ್ ಬಳಸಬೇಕೆಂದು ಏಜೆಂಟ್ ಆ ವಿವರಣೆ ಓದಿಯೇ ತೀರ್ಮಾನಿಸುತ್ತದೆ. ಕೆಲಸಕ್ಕೆ ಕೈ ಹಾಕುವ ಮುಂಚೆ ಅದೇ ಸಾಲುಗಳು ಆಪರೇಟರ್ ಪರದೆಯಲ್ಲೂ ಬರುತ್ತವೆ. ಅವರು ‘ಸರಿ’ ಒತ್ತಬೇಕು. ಹಿಂದೆ ಬರೆದವರು ಡ್ರಾಪ್, ರಿಜೆಕ್ಟ್ ಎರಡಕ್ಕೂ ‘ನಿರಾಕರಿಸು’ ಎಂದಿಟ್ಟಿದ್ದಾರೆ. ಬಂದ ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಓಡಾಡುವ ಮಾಹಿತಿಯ ತುಣುಕು) ಡ್ರಾಪ್ ಆದರೆ ಕಳಿಸಿದವರಿಗೆ ಉತ್ತರವೇ ಇಲ್ಲ, ಟೈಮ್‌ಔಟ್ ಆಗುವವರೆಗೆ ಕಾಯುತ್ತಾರೆ. ರಿಜೆಕ್ಟ್ ಆದರೆ ಐಸಿಎಂಪಿ ಸಂದೇಶವೋ ಟಿಸಿಪಿ ರೀಸೆಟ್ಟೋ, ಅಂದರೆ ‘ಆಗಲ್ಲ’ ಎಂಬ ಉತ್ತರ, ವಾಪಸ್ ಹೋಗುತ್ತದೆ. ಎರಡಕ್ಕೆ ಎರಡು ಪದ ಬೇಕು.

ಮರು (ಮೈಸೂರು):
ರಿಜೆಕ್ಟ್‌ಗೆ ‘ತಿರಸ್ಕರಿಸು’, ಡ್ರಾಪ್‌ಗೆ ‘ವರ್ಜಿಸು’. ಫೈರ್‌ವಾಲ್ ಎಂದು ಯಾಕೆ ಬರೆದಿರಿ? ‘ಅಗ್ನಿಭಿತ್ತಿ’ ಎನ್ನಿ. ಶಾಸ್ತ್ರದ ಪದಕ್ಕೆ ಸಂಸ್ಕೃತದ ಧಾತು ಇದ್ದರೇ ಗಾಂಭೀರ್ಯ.

ಮರು (ಧಾರವಾಡ):
‘ವರ್ಜಿಸು’ ಅಂದರೆ ಏಕಾದಶಿ ದಿನ ಅನ್ನ ಬಿಟ್ಟ ಹಾಗಾಯಿತು. ಜನ ಆಡುವ ‘ರದ್ದು’ ಇರುವಾಗ ಇದೆಲ್ಲ ಯಾಕೆ? ಅರಬ್ಬಿಯ ‘ರದ್ದ್’ ಅಂದರೆ ಮರಳಿಸುವುದು, ಒಲ್ಲೆ ಎಂದು ಹಿಂದಕ್ಕೆ ಕೊಡುವುದು. ರಿಜೆಕ್ಟ್ ಮಾಡುವುದು ಅದನ್ನೇ ಅಲ್ವಾ? ಮೂಲ ನೋಡಿದರೆ ಇದಕ್ಕಿಂತ ಒಪ್ಪುವ ಪದ ಇನ್ನೊಂದಿಲ್ಲ.

ಮರು (ಕೇಳಿದವಳು):
ಸಾರ್, ಮೂಲ ಚೆನ್ನಾಗಿದೆ. ಆದರೆ ‘ಸಂಪರ್ಕ ರದ್ದು ಮಾಡುವ ನಿಯಮ ಹಾಕಲೇ?’ ಎಂದು ಪರದೆಯಲ್ಲಿ ಬಂದರೆ, ಈಗಾಗಲೇ ನಡೆಯುತ್ತಿರುವ ಸಂಪರ್ಕ ಕತ್ತರಿಸುತ್ತದೆ ಎಂದುಕೊಳ್ಳುತ್ತಾರೆ. ಇನ್ನು ‘ನಿಯಮ ರದ್ದು ಮಾಡು’ ಎಂಬ ಟೂಲ್ ಬೇರೆಯೇ ಇದೆ. ಏಜೆಂಟ್ ಅದಕ್ಕೂ ಇದಕ್ಕೂ ಗಂಟು ಹಾಕಿದರೆ ಬಾಗಿಲು ಮುಚ್ಚುವ ಬದಲು ತೆರೆದುಬಿಡುತ್ತದೆ.

ಮರು (ಶಿವಮೊಗ್ಗ):
ಸಂಸ್ಕೃತವೂ ಬೇಡ, ಅರಬ್ಬಿಯೂ ಬೇಡ. ಡ್ರಾಪ್‌ಗೆ ‘ಬಿಸುಡು’, ರಿಜೆಕ್ಟ್‌ಗೆ ‘ಹಿಂತಳ್ಳು’, ಫೈರ್‌ವಾಲ್‌ಗೆ ‘ಕಿಚ್ಚುಗೋಡೆ’. ಪೋರ್ಟ್‌ಗೆ (ಸರ್ವರ್‌ನ ಒಂದೊಂದು ಸೇವೆಗೆ ಇರುವ, ಸಂಖ್ಯೆ ಹೊತ್ತ ದಾರಿ) ಕೆಲವರು ‘ಬಂದರು’ ಎಂದು ಬರೆಯುತ್ತಾರೆ. ಅದು ಪಾರಸಿ ಪದ, ಹಡಗು ನಿಲ್ಲುವ ಜಾಗ. ಕಂಪ್ಯೂಟರಿನ ಪೋರ್ಟ್ ಲ್ಯಾಟಿನ್ನಿನ ‘ಪೋರ್ಟಾ’ದಿಂದ ಬಂದದ್ದು, ಅಂದರೆ ಬಾಗಿಲು. ನಮ್ಮ ‘ಬಾಗಿಲು’ ಪದದಲ್ಲಿ ‘ಬಾಯ್’ ಇದೆ, ‘ಇಲ್’ ಇದೆ: ಮನೆಯ ಬಾಯಿ. ಇಷ್ಟು ಸೊಗಸಾದ ಪದ ಬಿಟ್ಟು ಸಾಲ ಯಾಕೆ?

ಮರು (ಧಾರವಾಡ):
‘22ನೇ ಬಾಗಿಲು’ ಅಂದರೆ ಯಾರಿಗೂ ತಿಳಿಯಲ್ಲ. ಮುಂದಿನ ಪ್ರಶ್ನೆ.

ಮರು (ಮಂಗಳೂರು):
ಮಾರಾಯ್ರೆ, ನಾನು ದಿನಾ ಈ ನಿಯಮಗಳ ಜೊತೆಗೇ ಏಗುವವನು. ನಿಮ್ಮ ಜಗಳ ಕ್ರಿಯಾಪದದ ಮೇಲೆ, ಅಪಾಯ ಇರುವುದು ಬೇರೆ ಕಡೆ. ಮೇಡಂ, ನಿಮ್ಮ ವಿವರಣೆಯಲ್ಲಿ ‘ನಿಯಮ ಸೇರಿಸು’ ಎಂದಿದೆಯಾ? ಎಲ್ಲಿಗೆ ಸೇರಿಸುವುದು?

ಲಿನಕ್ಸ್‌ನ ಫೈರ್‌ವಾಲ್ ಸಾಧನ ಐಪಿಟೇಬಲ್ಸ್‌ನಲ್ಲಿ ನಿಯಮಗಳ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತದೆ. ‘ಬಿಡು’ ಅಥವಾ ‘ತಡೆ’ ಎನ್ನುವ ನಿಯಮ ಮೊದಲು ಯಾವುದು ಹೊಂದುತ್ತದೋ ಅದರದ್ದೇ ತೀರ್ಪು. ‘ಎಲ್ಲವನ್ನೂ ಡ್ರಾಪ್ ಮಾಡು’ ಎಂಬ ನಿಯಮದ ಕೆಳಗೆ 443ನೇ ಪೋರ್ಟ್‌ಗೆ ಅನುಮತಿ ಬರೆದರೆ ಅದು ಇದ್ದೂ ಇಲ್ಲದ ಹಾಗೆ. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನ ಫೈರ್‌ವಾಲ್ ಪಿಎಫ್‌ನಲ್ಲಿ ಉಲ್ಟಾ: ‘ಕ್ವಿಕ್’ ಎಂದು ಬರೆಯದಿದ್ದರೆ ಕೊನೆಗೆ ಹೊಂದಿದ ನಿಯಮ ಗೆಲ್ಲುತ್ತದೆ.

ಇಲ್ಲಿ ಕನ್ನಡವೇ ಕೈಕೊಡುತ್ತದೆ. ‘5ನೇ ನಿಯಮದ ಮೇಲೆ ಸೇರಿಸು’ ಅಂದರೆ 5ಕ್ಕಿಂತ ಮೊದಲೋ, 5 ಆದ ಮೇಲೋ? ‘ಊಟ ಆದ ಮೇಲೆ’ ಎನ್ನುವಲ್ಲೂ ಇದೇ ‘ಮೇಲೆ’. ‘ಮುಂದೆ’ ಇನ್ನೂ ಮೋಸ. ‘ಮನೆ ಮುಂದೆ’ ಅಂದರೆ ಎದುರು, ‘ಮುಂದೆ ನೋಡೋಣ’ ಅಂದರೆ ಆಮೇಲೆ. ‘ಹಿಂದೆ’ಯೂ ಅಷ್ಟೆ. ನೀವು ಹಾಗೆ ಬರೆದರೆ ಏಜೆಂಟ್ ಒಂದು ಅರ್ಥ ಹಿಡಿಯುತ್ತದೆ, ಆಪರೇಟರ್ ಇನ್ನೊಂದು ಅರ್ಥದಲ್ಲಿ ‘ಸರಿ’ ಒತ್ತುತ್ತಾರೆ. ‘ಪಟ್ಟಿಯ ಮೊದಲಿಗೆ’, ‘ಪಟ್ಟಿಯ ಕೊನೆಗೆ’, ‘5ನೇ ನಿಯಮಕ್ಕಿಂತ ಮುಂಚೆ’ ಎಂದೇ ಬರೆಯಿರಿ.

ಡ್ರಾಪ್‌ಗೆ ಒಂದೇ ಪದ ಹುಡುಕುವುದನ್ನು ಬಿಡಿ. ಆಚೆ ಕಡೆಯವನಿಗೆ ಏನು ಗೊತ್ತಾಗುತ್ತದೆ ಎಂದು ಬರೆಯಿರಿ. ಡ್ರಾಪ್ ಅಂದರೆ ಓಗೊಡದೆ ಬಿಡುವುದು. ರಿಜೆಕ್ಟ್ ಅಂದರೆ ಆಗಲ್ಲ ಎಂದು ಹೇಳಿ ಕಳಿಸುವುದು.

ಮರು (ಮೈಸೂರು):
‘ಹೇಳಿ ಕಳಿಸುವುದು’ ಅಂದರೆ ಕರೆಸುವುದು ಎಂಬ ಅರ್ಥವೂ ಇದೆ. ಗಮನಿಸಿ.

ಮರು (ಮಂಗಳೂರು):
ಹೌದು. ‘ಆಗಲ್ಲ ಎಂದು ಉತ್ತರ ಕೊಟ್ಟು ತಡೆಯುವುದು’ ಮಾಡಿ.

ಮರು (ಶಿವಮೊಗ್ಗ):
‘ಓಗೊಡು’ ಅಚ್ಚಗನ್ನಡ. ಒಪ್ಪಿದೆ. ಆದರೆ ಸರ್ವರ್, ಪ್ಯಾಕೆಟ್, ಟೂಲ್ ಎಲ್ಲವನ್ನೂ ಹಾಗೇ ಉಳಿಸಿಕೊಂಡರೆ ನಾಳೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಮಾತ್ರ.

ಮರು (ಧಾರವಾಡ):
ಕಾಗದ, ಕುರ್ಚಿ, ಜಮೀನು, ವಕೀಲ ಎಲ್ಲವೂ ಹೊರಗಿನಿಂದ ಬಂದವೇ. ಅವುಗಳಿಂದ ಕನ್ನಡಕ್ಕೆ ಏನು ಕಡಿಮೆಯಾಯಿತು?

ಮರು (ಶಿವಮೊಗ್ಗ):
ಅವು ಕನ್ನಡದ ಉಲಿಗೆ ಬಗ್ಗಿ ಬಂದವು. ಇವು ಬಗ್ಗುತ್ತಿಲ್ಲ. ಇದರಲ್ಲಿ ವ್ಯತ್ಯಾಸ ಕಾಣದವರ ಜೊತೆ ವಾದವಿಲ್ಲ.

ಮರು (ಕೇಳಿದವಳು):
ದಯವಿಟ್ಟು ಇದನ್ನು ಬೇರೆ ಎಳೆಯಲ್ಲಿ ಮುಂದುವರಿಸಿ. ಡ್ರಾಪ್ ಟೂಲ್‌ಗೆ ಹೀಗೆ ಬರೆದಿದ್ದೇನೆ:

‘ಈ ವಿಳಾಸದಿಂದ ಒಳಬರುವ ಪ್ಯಾಕೆಟ್‌ಗಳಿಗೆ ಓಗೊಡದೆ ಬಿಡುತ್ತದೆ. ಕಳಿಸಿದವರಿಗೆ ಉತ್ತರ ಹೋಗುವುದಿಲ್ಲ. ಉತ್ತರ ಕೊಟ್ಟು ತಡೆಯಲು ರಿಜೆಕ್ಟ್ ಟೂಲ್ ಬಳಸಬೇಕು. ನಿಯಮ ಪಟ್ಟಿಯ ಮೊದಲಿಗೆ ಸೇರುತ್ತದೆ, ತಕ್ಷಣ ಜಾರಿಗೆ ಬರುತ್ತದೆ. ಮಷಿನ್ ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ. ಖಾಯಂ ಮಾಡಲು ಬೇರೆ ಟೂಲ್ ಇದೆ. ವಿಳಾಸ 0.0.0.0/0 ಎಂದರೆ ಎಲ್ಲರೂ. ದೂರದಿಂದ ಲಾಗಿನ್ ಆಗಲು ಆಪರೇಟರ್ ಬಳಸುತ್ತಿರುವ ಎಸ್‌ಎಸ್‌ಎಚ್ ಸಂಪರ್ಕಕ್ಕೆ ಅಡ್ಡ ಬರುವಂತಿದ್ದರೆ ಬಳಸಬಾರದು.’

ಏಜೆಂಟನ್ನು ನೀನು ಅನ್ನಬೇಕೋ ನೀವು ಅನ್ನಬೇಕೋ ಎಂಬ ಪ್ರಶ್ನೆ ಏಳದಿರಲಿ ಎಂದು ‘ಬಾರದು’ ಹಾಕಿದ್ದೇನೆ.

ಮರು (ಮಂಗಳೂರು):
ಚೆನ್ನಾಗುಂಟು. ಕಳಿಸಿಬಿಡಿ.

ಮರು (ಧಾರವಾಡ):
‘ಖಾಯಂ’ ಅಲ್ಲ, ‘ಕಾಯಂ’. ಮೂಲದಲ್ಲಿ ಮಹಾಪ್ರಾಣ ಇಲ್ಲ.